ಏಡಿಯ ಕಥೆ ಮುಗಿಯುವಷ್ಟರಲ್ಲಿ

೧೮ನೇ ತಾರೀಖು, ಶುಕ್ರವಾರ

ಪ್ರೀತಿಯ ಪುಟ್ಟಿಗೆ,

ಅಕ್ಕ ಇದ್ದಾಳೋ ಇಲ್ಲವೋ ಅಂತ ಬೈದುಕೊಳ್ಳುತ್ತಿರುತ್ತೀಯ. ಬೈದುಕೋ, ತಪ್ಪೇನಿಲ್ಲ. ನಿನ್ನ ಎರಡು ಪತ್ರಗಳೂ ಬಂದಿವೆ. ನಾಳೆ ಬರೆದರಾಯಿತು, ನಾಳೆ ಬರೆದರಾಯಿತು ಅಂತ ದಿನ ತಳ್ಳಿದೆ. ಬರೆಯಲು ಕೂತರೆ ನಿನ್ನ ಭಾವನ ವಿಷಯ ಬರೆಯಬೇಕಾಗುತ್ತದೆ, ಬರೆದರೆ ಅದು ನಿಜವಾಗಿಬಿಡುತ್ತದೆ ಅನ್ನುವ ಹುಚ್ಚು ಭಯ ನನಗೆ.

ನೀನು ಹೊಲಿದು ಕಳಿಸಿದ ಪರದೆ ಚೆನ್ನಾಗಿದೆ, ಆದರೆ ಒಂದು ಗೇಣು ಗಿಡ್ಡ. ಅಳತೆ ಕೊಟ್ಟವಳು ನಾನೇ ಬಿಡು. ನಾನು ಸ್ಟೂಲಿನ ಮೇಲೆ ನಿಂತು ಅದನ್ನು ತೂಗುಹಾಕುತ್ತಿದ್ದರೆ, ಕೆಳಗೆ ಸ್ಟೂಲು ಹಿಡಿದುಕೊಂಡಿದ್ದ ನಿನ್ನ ಭಾವ ಶುರುಮಾಡಿದರು. "ವಿಂಡೋ ಅಂದ್ರೆ ಮೂಲದಲ್ಲಿ ಗಾಳಿಯ ಕಣ್ಣು ಕಣೇ. ಹಡಗಿನಲ್ಲಿ ಬಂದ ಉತ್ತರದ ಜನ ಇಂಗ್ಲಿಷಿಗೆ ಕೊಟ್ಟು ಹೋದ ಮಾತು." ಹೇಳುವ ಭರದಲ್ಲಿ ಕೈ ಬೀಸಿದರು, ಸ್ಟೂಲು ಅಲ್ಲಾಡಿತು. "ನಿಮ್ಮ ಪುರಾಣ ಸಾಕು ಮಾಡಿ, ಸ್ಟೂಲು ಹಿಡ್ಕೊಳ್ರೀ" ಅಂತ ರೇಗಿದೆ. ನಿನಗೆ ಗೊತ್ತಲ್ಲ ಅವರ ಚಾಳಿ. ಹೋದ ಸಲ ನೀನು ಊರಿಗೆ ಹೊರಟಾಗ ಗುಡ್‌ಬೈ ಅನ್ನುವುದರೊಳಗೆ ದೇವರು ಹೇಗೆ ಅಡಗಿ ಕೂತಿದ್ದಾನೆ ಅಂತ ವಿವರಿಸುತ್ತಾ ನಿನ್ನ ರೈಲೇ ತಪ್ಪಿಸುವುದರಲ್ಲಿದ್ದರು. ಶಾಲೆಯಲ್ಲಿ ಇಂಗ್ಲಿಷ್ ಪಾಠ ಮಾಡಿ ನಿವೃತ್ತರಾದರೂ ಬಾಯಿಗೆ ನಿವೃತ್ತಿ ಇಲ್ಲ ಅಂತ ನಾವಿಬ್ಬರೂ ನಕ್ಕಿದ್ದೆವು. ಈಗ ಆ ಮಾತು ನೆನೆಸಿಕೊಂಡರೆ ಯಾಕಾದರೂ ಅಂದೆವೋ ಅನ್ನಿಸುತ್ತದೆ.

ಅವರ ದನಿ ಒಡೆದು ಬಹಳ ದಿನವಾಯಿತು ಪುಟ್ಟಿ. ಶೀತ ಅಂದುಕೊಂಡೆವು. ಬಿಸಿನೀರು, ಮಾತ್ರೆ, ಕುತ್ತಿಗೆಗೆ ಮಫ್ಲರ್, ಎಲ್ಲ ಆಯಿತು. ಸಂಜೆ ಮನೆಪಾಠಕ್ಕೆ ಬರುವ ಮಕ್ಕಳು ಪುಸ್ತಕ ತೆಗೆಯುವ ಮುಂಚೆ ಒಬ್ಬೊಬ್ಬರು ಒಂದೊಂದು ಶಬ್ದ ತರಬೇಕು, ಇವರು ಅದರ ಹುಟ್ಟಿನ ಕಥೆ ಹೇಳಬೇಕು, ಅದು ಅವರ ಪದ್ಧತಿ. ಒಂದು ದಿನ ಒಬ್ಬಳು ಮಸಲ್ ಅಂದಳು. ಇವರು ತೋಳು ಮಡಿಸಿ ತೋರಿಸುತ್ತಾ, "ಚರ್ಮದ ಕೆಳಗೆ ಓಡಾಡ್ತಿದೆ ನೋಡಮ್ಮ, ಅದಕ್ಕೇ ಹಿಂದಿನವರು ಇದನ್ನ ಪುಟ್ಟ ಇಲಿ ಅಂದ್ರು" ಅನ್ನುವಷ್ಟರಲ್ಲಿ ದನಿ ಪೂರ್ತಿ ಹೋಯಿತು. ಮಕ್ಕಳು ಅದೂ ತಮಾಷೆಯೇ ಅಂದುಕೊಂಡು ನಕ್ಕರು. ಇವರೂ ನಕ್ಕು, ಉಳಿದದ್ದನ್ನು ಬೋರ್ಡಿನ ಮೇಲೆ ಬರೆದರು. ಮಾರನೆಯ ದಿನವೇ ಬಲವಂತ ಮಾಡಿ ನಮ್ಮ ಬೀದಿಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಅವರು ಗಂಟಲು ನೋಡಿ, ಬರೆಯುತ್ತಿದ್ದ ಪೆನ್ನು ಕೆಳಗಿಟ್ಟರು. "ಒಳಗೆ ಗಡ್ಡೆ ಇದೆ. ಧ್ವನಿಪೆಟ್ಟಿಗೆ ತೆಗೀಬೇಕಾಗಬಹುದು, ಬೇಡವಾಗಲೂಬಹುದು. ದೊಡ್ಡಾಸ್ಪತ್ರೇಲಿ ಸ್ಕ್ಯಾನ್ ನೋಡಿ ಹೇಳ್ತಾರೆ" ಅಂದರು.

ಧ್ವನಿಪೆಟ್ಟಿಗೆ ತೆಗೆದರೆ ಈ ಮನುಷ್ಯನಲ್ಲಿ ಉಳಿಯುವುದೇನು ಹೇಳು!

ಸ್ಕ್ಯಾನು, ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ ಎಲ್ಲ ಮುಗಿದು, ಮೊನ್ನೆ ಫಲಿತಾಂಶ ಕೇಳಲು ದೊಡ್ಡಾಸ್ಪತ್ರೆಗೆ ಹೋಗಿದ್ದೆವು. ಬಸ್ಸಿನುದ್ದಕ್ಕೂ ಒಂದೇ ಪ್ರಶ್ನೆಯನ್ನು ಮನಸ್ಸಿನಲ್ಲಿ ಉರುಹೊಡೆದೆ: ಡಾಕ್ಟ್ರೇ, ಇವರ ದನಿ ಉಳಿಯುತ್ತಾ? ಚಿಕ್ಕ ವಯಸ್ಸಿನ ಹೆಂಗಸು ಡಾಕ್ಟರ್. ಸ್ಕ್ಯಾನನ್ನು ಬೆಳಕಿಗೆ ಹಿಡಿದು ನೋಡಿ, ಸಮಾಧಾನವಾಗಿಯೇ "ಇದು ಕ್ಯಾನ್ಸರ್" ಅಂದರು. ನಾನು ಬಾಯಿ ತೆರೆಯಬೇಕು, ಅಷ್ಟರಲ್ಲಿ ನಿನ್ನ ಭಾವ ಆ ಒಡಕು ದನಿಯಲ್ಲೇ, "ಡಾಕ್ಟ್ರೇ, ಅಂದ್ರೆ ಏಡಿ! ಗಡ್ಡೆಯ ಸುತ್ತ ಊದಿದ ನರ ನೋಡಿ ಗ್ರೀಕ್ ವೈದ್ಯರಿಗೆ ಏಡಿಯ ಕಾಲು ನೆನಪಾಯ್ತಂತೆ" ಅಂದರು. ಆ ತಾಯಿ ಸುಮ್ಮನಿರಬಾರದೇ? "ಹೌದಾ ಸರ್? ದಿನಾ ಹೇಳೋ ಮಾತು, ನಂಗೇ ಗೊತ್ತಿರ್ಲಿಲ್ಲ" ಅಂತ ಕುರ್ಚಿ ಮುಂದಕ್ಕೆಳೆದುಕೊಂಡರು. ಏಡಿಯಿಂದ ಪೇಷಂಟಿಗೆ ಬಂದರು, ನೋವು ಸಹಿಸುವವನು ಅಂತ ಅದರ ಅರ್ಥವಂತೆ. ಅಲ್ಲಿಂದ ಇನ್ನೆಲ್ಲಿಗೋ. ನಾನು ಮಂಡಿಯಿಂದ ಅವರ ಮಂಡಿಗೆ ತಿವಿದೆ. ನಿಲ್ಲಿಸಿದರೆ ತಾನೇ! ಹೊರಗಡೆ ಸಾಲು ಬೆಳೆಯುತ್ತಿತ್ತು. ನರ್ಸು ಬಂದು ಮುಂದಿನವರ ಹೆಸರು ಕೂಗಿಯೇಬಿಟ್ಟಳು. ಡಾಕ್ಟರು ಗಾಬರಿಯಾಗಿ, "ಅಯ್ಯೋ, ಮಾತಲ್ಲೇ ಹೊತ್ತು ಹೋಯ್ತು. ಇನ್ನೊಮ್ಮೆ ಎಲ್ಲಾ ನೋಡಿ ನಾನೇ ಫೋನ್ ಮಾಡ್ತೀನಿ" ಅಂದರು. ನಾವು ಹೊರಗೆ ಬಂದೆವು. ಏಡಿಯ ಕಥೆ ಪೂರ್ತಿ ಗೊತ್ತಾಯಿತು, ಕೇಳಬೇಕಾದದ್ದು ಕೇಳಲೇ ಇಲ್ಲ. ಇಂಥ ಎಡವಟ್ಟು ನಮ್ಮ ಮನೆಯವರನ್ನು ಬಿಟ್ಟರೆ ಇನ್ನಾರು ಮಾಡುತ್ತಾರೆ?

ಬಸ್‌ಸ್ಟಾಪಿನಲ್ಲಿ ನನ್ನ ಸಿಟ್ಟು ನೆತ್ತಿಗೇರಿತ್ತು. ಜನರಿದ್ದಾರೆ ಅಂತಲೂ ನೋಡದೆ, "ನಿಮ್ಮ ನಾಲಿಗೆಗೆ ಒಂದು ಗಳಿಗೆ ಪುರುಸೊತ್ತು ಕೊಡೋಕಾಗಲ್ವಾ? ನಾನು ಕೇಳೋದೊಂದಿತ್ತು" ಅಂದೆ.

ಅವರು ಮಫ್ಲರ್ ಸರಿಮಾಡಿಕೊಂಡರು. "ಗೊತ್ತಿತ್ತು ಕಣೇ," ಅಂದರು. "ನೀನು ಕೇಳಿದ್ರೆ ಅವರು ಹೇಳಿಬಿಡ್ತಿದ್ರು."

ಅಷ್ಟರಲ್ಲಿ ಬಸ್ಸು ಬಂತು, ಹತ್ತಿದೆವು. ಸೀಟು ಸಿಕ್ಕಿದರೂ ಮನೆಯವರೆಗೆ ಅವರ ತೋಳು ಹಿಡಿದುಕೊಂಡೇ ಕೂತಿದ್ದೆ.

ಅಂದಿನಿಂದ ಫೋನು ರಿಂಗಾದರೆ ಅವರಿಗಿಂತ ಮುಂಚೆ ಓಡಿಹೋಗಿ ಎತ್ತುತ್ತೇನೆ. ಗ್ಯಾಸಿನವನು, ಮನೆಪಾಠದ ಮಕ್ಕಳ ತಾಯಂದಿರು, ಯಾರು ಮಾಡಿದರೂ ಡಾಕ್ಟರೇ ಅಂದುಕೊಳ್ಳುತ್ತೇನೆ. ಹಾಲು ಉಕ್ಕಿಸಿದೆ, ಇಸ್ತ್ರಿ ಮರೆತು ಅವರ ಅಂಗಿ ಸುಟ್ಟೆ. ಅವರು ಮಾತ್ರ ಏನೂ ಆಗಿಲ್ಲವೆಂಬಂತೆ ಪಿಸುದನಿಯಲ್ಲೇ ಪುರಾಣ ಮುಂದುವರಿಸಿದ್ದಾರೆ. ನಾನೂ ಎಂದಿನಂತೆ "ಸಾಕು ಮಾಡ್ರೀ" ಅನ್ನುತ್ತೇನೆ. ಹಾಗೆ ಅನ್ನದೆ ಹೋದರೆ ನನಗೆ ಹೆದರಿಕೆಯಾಗಿದೆ ಅಂತ ಅವರಿಗೆ ಗೊತ್ತಾಗಿಬಿಡುತ್ತದಲ್ಲ. ಹೀಗೆ ಇಬ್ಬರೂ ನಾಟಕ ಆಡಿಕೊಂಡಿದ್ದೇವೆ. ನಿನ್ನ ಹೊಲಿಗೆ ಅಂಗಡಿಗೆ ನಾಲ್ಕು ದಿನ ಬಾಗಿಲು ಹಾಕಿ ಬರಲಿಕ್ಕಾಗುತ್ತದಾ ನೋಡು. ನೀನು ಬಾಯಿಬಿಟ್ಟುಕೊಂಡು ಅವರ ಕಥೆ ಕೇಳುತ್ತೀಯ ಅಂತ ನಿನ್ನ ಮೇಲೆ ಅವರಿಗೆ ಮೊದಲಿನಿಂದಲೂ ಒಂದು ತೂಕ ಹೆಚ್ಚು ಪ್ರೀತಿ. ಬರುವಾಗ ಒಂದು ಗೇಣು ಬಟ್ಟೆಯನ್ನೂ ತಾ, ಪರದೆಗೆ ಜೋಡಿಸೋಣ.

ಮಕ್ಕಳ ತಲೆ ಸವರಿ ದೊಡ್ಡಮ್ಮ ಸವರಿದ್ದು ಅಂತ ಹೇಳು. ನೀವೆಲ್ಲ ತಣ್ಣಗಿರಿ.

ನಿನ್ನ
ಅಕ್ಕ

ತಾ.ಕ.: ಕವರು ಅಂಟಿಸುವಷ್ಟರಲ್ಲಿ ಫೋನು ಬಂತು. ಡಾಕ್ಟರೇ ಮಾಡಿದ್ದರು. ಗಡ್ಡೆ ಧ್ವನಿಪೆಟ್ಟಿಗೆಯ ತುಂಬ ಹರಡಿದೆಯಂತೆ, ಅದನ್ನು ಪೂರ್ತಿ ತೆಗೆಯಲೇಬೇಕಂತೆ, ಬರುವ ವಾರವೇ. ತೆಗೆದರೆ ಜೀವಕ್ಕೆ ಭಯವಿಲ್ಲ ಅಂದರು. ಆಯಿತು ಆಯಿತು ಅಂತ ಕೆಳಗಿಟ್ಟೆ. ಒಳಗಿನ ಕೋಣೆಯಿಂದ ಇವರು, "ಯಾರದು?" ಅಂದರು. "ರಾಂಗ್ ನಂಬರ್ರು" ಅಂದೆ. ಸುಮ್ಮನಿರುತ್ತಾರೆಯೇ? "ರಾಂಗ್ ಅನ್ನೋ ಮಾತು ಎಲ್ಲಿಂದ ಬಂತು ಗೊತ್ತೇನೇ?" ಅನ್ನುತ್ತಾ ಬಾಗಿಲಿಗೆ ಬಂದರು. ಆ ದನಿ ಇನ್ನೆಷ್ಟು ದಿನ ಅಂತ ಅನ್ನಿಸಿ, ನಾನು ಅವರ ಕುರ್ಚಿ ಎಳೆದುಕೊಟ್ಟು, ಎದುರಿಗೆ ಕೂತು, "ಗೊತ್ತಿಲ್ಲ, ಹೇಳಿ" ಅಂದೆ.

ಮದುವೆಯಾದಾಗಿನಿಂದ ನಾನು ಒಮ್ಮೆಯೂ ಅವರಿಗೆ ಹಾಗೆ ಹೇಳಿದವಳಲ್ಲ ಪುಟ್ಟಿ. ಅದು ನನಗೆ ಆಮೇಲೆ ಹೊಳೆಯಿತು, ಅವರಿಗೆ ಆಗಲೇ ಹೊಳೆದಿತ್ತು. ನಾನಿದನ್ನು ಬರೆಯುತ್ತಿರುವಾಗಲೂ ಕುರ್ಚಿಯ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದಾರೆ. ಇನ್ನೂ ಏನೂ ಹೇಳಿಲ್ಲ.