ಮೇಜಿನ ಮೇಲಿನ ಕತ್ತಿ

ಸಾಲ್ಟ್ಯಾಶ್
೯ ಮಾರ್ಚ್ ೨೦೦೪

ಪ್ರೀತಿಯ ಲವ್‌ಡೇ,

ನಿನ್ನ ಕೆಮ್ಮು ಹೋಯಿತೇ? ಪುಟ್ಟ ಕೆರೆನ್ಸಾಳಿಗೆ ಹಲ್ಲು ಬಂತೇ? ಅಳಿಯ ಪಿರಾನ್‌ನ ಬೆನ್ನುನೋವು ಹೇಗಿದೆ? ಇಲ್ಲಿ ನಿನ್ನ ಅಮ್ಮ ಹೆಡ್ರಾ ಚೆನ್ನಾಗಿದ್ದಾಳೆ, ಅವಳ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನಿನ್ನ ಅಪ್ಪ ಜೋರಿ ಭಾನುವಾರ ಎಂದಿನಂತೆ ಇಸ್ಪೀಟಿಗೆ ಬಂದ. ನಾನು ತಟ್ಟೆಯ ತುಂಬ ಚಹಾ ಚೆಲ್ಲಿಕೊಂಡು ಬಂದದ್ದನ್ನು ನೋಡಿ, "ಭಾವ, ಕೇಳಿದ್ದು ಚಹಾ, ನೀವು ಸಮುದ್ರಾನೇ ತಂದ್ರಲ್ಲ" ಎಂದ.

ಚಹಾ ಚೆಲ್ಲಿದ್ದು ನಿನ್ನ ಪತ್ರ ಓದಿದ್ದರಿಂದ. ಮೂವತ್ತೈದು ವರ್ಷದ ಹಿಂದೆ ವಿಚಾರಣೆಯಲ್ಲಿ ತಾನಾಡಿದ ಮಾತನ್ನು ದಾಖಲೆಯಿಂದ ಅಳಿಸಿ ಎಂದು ಕಾರ್ಲಿಯನ್ ಅರ್ಜಿ ಹಾಕಿದ್ದಾನೆ, ಅದು ನಿಮ್ಮ ನೌಕಾಪಡೆಯ ವಕೀಲರ ಕಚೇರಿಗೇ ಬಂದಿದೆ ಎಂದು ಬರೆದಿದ್ದೀಯ. ಅಪ್ಪನ ವಿಷಯವಾದ್ದರಿಂದ ಕಡತವನ್ನು ಸಹೋದ್ಯೋಗಿಗೆ ಒಪ್ಪಿಸಿದ್ದು ಸರಿಯಾಯಿತು. ಅಂದು ಮೇಜಿನ ಮೇಲಿನ ಕತ್ತಿ ತಪ್ಪು ದಿಕ್ಕಿಗೆ ತಿರುಗಿದ್ದು ಕೈತಪ್ಪಿನಿಂದಾದರೆ ಆ ಮಾತು ಉಳಿಯುತ್ತದೆ, ಯಾರಾದರೂ ಬೇಕೆಂದೇ ತಿರುಗಿಸಿದ್ದರೆ ಅಳಿಸಿಹೋಗುತ್ತದೆ, ಅಲ್ಲವೇ? "ನೆನಪಿಲ್ಲ ಅನ್ನೋದೂ ಒಂದು ಉತ್ತರವೇ, ಮಾವ" ಎಂದೂ ಬರೆದಿದ್ದೀಯ. ನೆನಪಿದೆ ಮಗಳೇ.

ಬೆಳಗಿನ ಮಂಜಿನಲ್ಲಿ ನಮ್ಮ ಹಡಗು ಒಂದು ಮೀನುದೋಣಿಗೆ ಬಡಿದು ಒಬ್ಬ ಮೀನುಗಾರ ಸತ್ತ. ಆ ಹೊತ್ತಿನ ಹೊಣೆ ಲೆಫ್ಟಿನೆಂಟ್ ಕಾರ್ಲಿಯನ್‌ನದು, ಮುಂದೆ ನಿಂತು ಕಾವಲು ಕಾಯುತ್ತಿದ್ದವನು ನಿನ್ನ ಅಪ್ಪ. ಮೂರು ಸಲ ಕೂಗಿ ಎಚ್ಚರಿಸಿದೆ ಎಂದು ಇವನು, ಒಂದು ಸಲವೂ ಕೇಳಿಸಲಿಲ್ಲ ಎಂದು ಅವನು. ಮೊದಲ ವಿಚಾರಣೆ ಕಾರ್ಲಿಯನ್‌ನದು. ಅವನು ಬಿಡುಗಡೆಯಾದರೆ ಮುಂದಿನ ಸರದಿ ಜೋರಿಯದು, ಜೈಲು ಖಂಡಿತ ಎಂದು ಎಲ್ಲರಿಗೂ ಗೊತ್ತಿತ್ತು.

ನಾನು ಆ ನ್ಯಾಯಸಭೆಯ ಆಳು. ಕಾನೂನೆಂದು ಕಲಿತದ್ದೆಲ್ಲ ಅದರ ಬಾಗಿಲ ಬಳಿ ನಿಂತೇ. ಆರೋಪಿ ಅಧಿಕಾರಿಯ ಕತ್ತಿಯನ್ನು ಮೇಜಿನ ಮೇಲೆ ಅಡ್ಡಲಾಗಿ ಇಡುತ್ತಿದ್ದರು. ತೀರ್ಮಾನವಾದ ಮೇಲೆ, ಅವನನ್ನು ಒಳಗೆ ಕರೆಯುವ ಮೊದಲು, ಅದನ್ನು ತಿರುಗಿಸುವುದು ನನ್ನ ಕೆಲಸ. ತುದಿ ಅವನ ಕಡೆಗಿದ್ದರೆ ಅಪರಾಧಿ, ಹಿಡಿ ಅವನ ಕಡೆಗಿದ್ದರೆ ಬಿಡುಗಡೆ. ಈ ಪದ್ಧತಿಯನ್ನು ಈ ವರ್ಷ ನಿಲ್ಲಿಸುತ್ತಾರಂತೆ, ಒಳ್ಳೆಯದೇ.

ಆ ದಿನ ನಾನು ಮೇಜಿನ ಆಚೆ ಬದಿಗೆ ನಿಂತಿದ್ದೆ. ಅಲ್ಲಿಂದ ಎಲ್ಲವೂ ತಿರುಗುಮುರುಗು. ಅವಸರದಲ್ಲಿ ತಪ್ಪಾಗಿ ಇಟ್ಟುಬಿಟ್ಟೆ. ಕಾರ್ಲಿಯನ್ ಒಳಗೆ ಬಂದ, ತುದಿ ನೋಡಿದ. ಸಭೆಯ ಅಧ್ಯಕ್ಷರು ಬಾಯಿ ತೆರೆಯುವ ಮೊದಲೇ ನೆಟ್ಟಗೆ ನಿಂತು, "ಆ ಹುಡುಗ ಕೂಗಿದ್ದ ಸರ್. ಮೂರು ಸಲಾನೂ ಕೇಳಿಸ್ತು. ಹೊಸಬ, ಮಂಜಿಗೆ ಹೆದರಿದಾನೆ ಅಂತ ಸುಮ್ಮನಿದ್ದೆ. ಅವನನ್ನ ಬಿಟ್ಬಿಡಿ" ಎಂದ. ಆಮೇಲೆ ಅಧ್ಯಕ್ಷರು ಕೈಯಲ್ಲಿದ್ದ ಕಾಗದ ಓದಿದರು: ನಿರ್ದೋಷಿ.

ಬಿಡುಗಡೆ ಬಿಡುಗಡೆಯಾಗಿಯೇ ಉಳಿಯಿತು. ಆದರೆ ಗುಮಾಸ್ತ ಆ ಮಾತನ್ನು ಬರೆದುಕೊಂಡಾಗಿತ್ತು. ನಿನ್ನ ಅಪ್ಪನನ್ನು ಯಾರೂ ಕರೆಯಲಿಲ್ಲ. ಕಾರ್ಲಿಯನ್ ತಿಂಗಳೊಳಗೆ ಕೆಲಸ ಬಿಟ್ಟ. ಅಧ್ಯಕ್ಷರು ನನಗೆ ಅಂದದ್ದು ಇಷ್ಟೇ: "ಒಂದು ಕತ್ತಿ ಇಡೋಕೂ ಬರಲ್ವೇನಯ್ಯಾ ನಿಂಗೆ?"

ನಿನ್ನ ಮಾವ,
ಡೆನ್ಜಿಲ್

ಮರೆತ ಮಾತು: ಮರೆತದ್ದಲ್ಲ. ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದೆ. "ಹಿಡಿ ಅವನ ಕಡೆಗೆ" ಎಂದು ಅಧ್ಯಕ್ಷರು ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ಅಂದು ಕೈ ತಪ್ಪಲೂ ಇಲ್ಲ. ಜೋರಿ ಆಗ ನಮ್ಮ ಹೆಡ್ರಾಳನ್ನು ಮಾತಾಡಿಸಲು ಬರುತ್ತಿದ್ದ ಹುಡುಗ, ಇದು ಹಡಗಿನಲ್ಲಿ ಯಾರಿಗೂ ತಿಳಿದಿರಲಿಲ್ಲ. ವಿಚಾರಣೆಯ ಬೆಳಿಗ್ಗೆ ಅವಳು ನನ್ನ ಕಾಲರಿಗೆ ಮೂರು ಸಲ ಇಸ್ತ್ರಿ ಹಾಕಿದ್ದಳು. ತುದಿ ಕಂಡರೆ ಕಾರ್ಲಿಯನ್ ಕುಗ್ಗಲಿ ಎಂದಷ್ಟೇ ನನ್ನ ಸಿಟ್ಟು. ಅವನು ನಿನ್ನ ಅಪ್ಪನನ್ನು ಉಳಿಸುತ್ತಾನೆಂದು ಅಂದುಕೊಂಡಿರಲಿಲ್ಲ. ಹಿಡಿ ಕಂಡಿದ್ದರೂ ನಿಜ ಹೇಳುತ್ತಿದ್ದನೋ ಏನೋ. ಅದನ್ನು ತೋರಿಸಿಕೊಡುವ ಅವಕಾಶವನ್ನು ನಾನು ಕಿತ್ತುಕೊಂಡೆ.

ಈ ನಿಜವನ್ನೇ ಬರೆದು, ಸಹಿ ಹಾಕಿ, ನಿನ್ನ ಸಹೋದ್ಯೋಗಿಗೆ ನೇರವಾಗಿ ಅಂಚೆಗೆ ಹಾಕಿ ಬಂದಿದ್ದೇನೆ. ಸುಳ್ಳು ನಿನ್ನ ಕೈ ದಾಟಿ ಹೋಗುವುದು ಬೇಡ. ಜೋರಿಯ ಪರವಾಗಿದ್ದ ಒಂದೇ ಮಾತು ಇನ್ನು ಅಳಿಸಿಹೋಗುತ್ತದೆ. ಅವನಿಗೆ ಹೇಳಿಲ್ಲ. ಭಾನುವಾರ ಇಸ್ಪೀಟಿಗೆ ಬರುತ್ತಾನೆ. ಹೇಗೆ ಶುರುಮಾಡಲಿ ಎಂದು ಅಷ್ಟರೊಳಗೆ ಎರಡು ಸಾಲು ಬರೆ.