ರಾಗಿ ರಕ್ತ

ಮರ್ಫಿ ಟೌನ್, ಬೆಂಗಳೂರು
೧೮ ಫೆಬ್ರವರಿ ೨೦೨೫, ಮಂಗಳವಾರ

ಪ್ರೀತಿಯ ಹಂಸ,

ಬೈಯಬೇಕಾದ್ದನ್ನೆಲ್ಲ ಮೊದಲು ಬೈದು ಮುಗಿಸಿಕೋ, ಆಮೇಲೆ ಓದು. ನಿನ್ನ ಎರಡು ಕಾಗದಗಳಿಗೆ ನಾನು ಒಂದು ಸಾಲೂ ಬರೆದಿಲ್ಲ. ಸಂಕ್ರಾಂತಿಗೆ ಅಜ್ಜಿ ಕಳಿಸಿದ ಎಳ್ಳುಬೆಲ್ಲದ ಡಬ್ಬಿಯೂ ಇನ್ನೂ ನಮ್ಮ ಅಡುಗೆಮನೆಯಲ್ಲೇ ಇದೆ. ಕೀಮೋದಿಂದ ಕಿವಿ ಹೋದ ಮೇಲೆ ಫೋನು ನಿನಗೆ ಆಗದು, ಮೊಬೈಲಿನ ಅಕ್ಷರ ನೋಡಿದರೆ ತಲೆ ಸುತ್ತುತ್ತದೆ, ಕಾಗದದಲ್ಲಿ ಉದ್ದಕ್ಕೆ ಬರಿ ಎಂದು ನೀನೇ ಅಂದಿದ್ದೆ. ಉದ್ದಕ್ಕೆ ಬರೆಯಲು ಏನಾದರೂ ಇರಬೇಕಲ್ಲ? ಯಾವ ಮುಖ ಇಟ್ಟುಕೊಂಡು ಬರೆಯಲಿ? ನೀನು ಸಾಕಿದ ಹುಳಗಳು ನನ್ನ ಕೈಯಲ್ಲಿ ಸಾಯುತ್ತಿದ್ದವು.

ಹುಳ ಅನ್ನಬೇಡ, ಪರಾವಲಂಬಿ ಅನ್ನು ಎಂದು ನೀನು ತಿದ್ದುವುದು ಗೊತ್ತು. ಏನು ಮಾಡಲಿ, ನಿಮ್ಮಪ್ಪನ ಬಾಯಲ್ಲಿ ಕೇಳಿ ಕೇಳಿ ನನಗೂ ಹಾಗೇ ಬರುತ್ತದೆ. ಒಂದು ದಿನ ಅವರು ಕೇಳಿದ್ದರು, "ಅಲ್ಲಮ್ಮಾ ಸಂಘಮಿತ್ರಾ, ಮಲೇರಿಯಾಗೂ ಕ್ಯಾನ್ಸರ್‌ಗೂ ಎಲ್ಲಿಂದೆಲ್ಲಿಗಮ್ಮ ನಂಟು?" ನಾನು ಹೇಳಿದೆ, ಬಸುರಿಗೆ ಮಲೇರಿಯಾ ಬಂದರೆ ಆ ಹುಳ ಮಗುವಿನ ಹೊಕ್ಕುಳಬಳ್ಳಿ ಸೇರುವ ಮಾಸಿನಲ್ಲಿ ಹೋಗಿ ಅಡಗುತ್ತದೆ, ಮಾಸಿನಲ್ಲಿ ಮಾತ್ರ ಇರುವ ಒಂದು ಬಗೆಯ ಸಕ್ಕರೆಯನ್ನು ಹಿಡಿದು ಜೋತುಬೀಳುತ್ತದೆ. ಅದೇ ಸಕ್ಕರೆ ಕ್ಯಾನ್ಸರ್ ಗಡ್ಡೆಯ ಮೈಮೇಲೂ ಬೆಳೆಯುತ್ತದೆ. ಹುಳದ ಹಿಡಿತ ನಮಗೆ ಸಿಕ್ಕಿದರೆ ಅದಕ್ಕೆ ಔಷಧಿ ಕಟ್ಟಿ ನೇರ ಗಡ್ಡೆಗೇ ಕಳಿಸಬಹುದು, ಮೈಯೆಲ್ಲ ಸುಡಬೇಕಿಲ್ಲ, ಕಿವಿ ಕಳೆದುಕೊಳ್ಳಬೇಕಿಲ್ಲ. ಅವರು ಮೀಸೆ ತಿರುವಿ, "ಮುಳ್ಳನ್ನ ಮುಳ್ಳಿಂದ್ಲೇ ತೆಗೀಬೇಕು ಅನ್ನು" ಅಂದರು. ನಾವಿಬ್ಬರೂ ಸೇರಿ ಅನುದಾನಕ್ಕೆ ಬರೆದ ನಲವತ್ತು ಪುಟದಲ್ಲಿ ಇಷ್ಟು ಚೆನ್ನಾಗಿ ಹೇಳಿರಲಿಲ್ಲ.

ಡಿಸೆಂಬರಿನಲ್ಲಿ ಶುರುವಾಯಿತು. ಬೆಳಿಗ್ಗೆ ಹೋಗಿ ಗಾಜಿನ ಪಟ್ಟಿಯ ಮೇಲೆ ನೋಡಿದರೆ ಹುಳಗಳೆಲ್ಲ ಮುದುಡಿ ಕಪ್ಪು ಚುಕ್ಕೆಗಳಾಗಿದ್ದವು. ನೈಟ್ರೋಜನ್ ಡಬ್ಬದಲ್ಲಿ ನೀನು ಹುಳ ಹೆಪ್ಪುಗಟ್ಟಿಸಿಟ್ಟಿದ್ದ ವಯಲ್ ಸೀಸೆಗಳಲ್ಲಿ ಒಂದನ್ನು ಕರಗಿಸಿದೆ, ಸತ್ತವು. ಇನ್ನೊಂದು ಕರಗಿಸಿದೆ, ಅವೂ ಸತ್ತವು. ಉಳಿದದ್ದು ಒಂದೇ. ನಿನಗೆ ಹೇಳಬೇಕೇ? ಮಾಸಿನ ಜೀವಕೋಶಗಳ ಮೇಲೆ ಸುರಿದು, ತೊಳೆದು, ಅಂಟಿಕೊಂಡವನ್ನು ಮಾತ್ರ ಉಳಿಸಿಕೊಂಡು, ಮತ್ತೆ ಸುರಿದು, ಅಜ್ಜಿ ಮೊರದಲ್ಲಿ ರಾಗಿ ಕೇರಿದ ಹಾಗೆ ಇಡೀ ವರ್ಷ ಕೇರಿ ನೀನು ಆರಿಸಿದ ಹುಳಗಳು ಅವು. ಅಷ್ಟು ಬಿಗಿಯಾಗಿ ಅಂಟುವ ತಳಿ ನಮ್ಮಲ್ಲಿ ಬೇರೆ ಇಲ್ಲ.

ನಾನು ಗ್ಯಾಸ್ ಸಿಲಿಂಡರ್ ಬದಲಾಯಿಸಿದೆ. ನೀರು ಬದಲಾಯಿಸಿದೆ. ಸೀರಮ್ ಬೇರೆ ತರಿಸಿದೆ. ಇನ್‌ಕ್ಯುಬೇಟರ್ ರಿಪೇರಿಗೆ ಬಂದವನ ತಲೆ ತಿಂದೆ, ಅವನು ಈಗ ನಮ್ಮ ಕುಕ್ ಟೌನ್ ಲ್ಯಾಬಿನ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ವಕಾರ್ ಸರ್ ಒಂದು ದಿನ ಕರೆದು ಕೂರಿಸಿಕೊಂಡರು. ಲ್ಯಾಬಿನ ಮುಖ್ಯಸ್ಥರಾಗಿ ಅವರೂ ಮೇಲಿನವರಿಗೆ ಉತ್ತರ ಕೊಡಬೇಕು ಪಾಪ. "ನೋಡಿ ಸಂಘಮಿತ್ರಾ, ಲಾಸ್ಟ್ ವಯಲ್ ಮುಟ್ಬೇಡಿ. ಪ್ಯೂರಿಫೈ ಮಾಡಿರೋ ಪ್ರೋಟೀನ್ ಇದೆ, ಅದ್ರಲ್ಲೇ ಪೇಪರ್ ಮುಗ್ಸೋಣ. ಬಸ್." ಆಗಲ್ಲ ಸರ್ ಅಂದೆ. ಹುಳಕ್ಕೆ ಹಿಡಿತ ಕೊಡುವ ಆ ಪ್ರೋಟೀನ್ ಬಾಟಲಿಯಲ್ಲಿ ತಯಾರಾದರೂ ಅಂಟುತ್ತದೆ ಅನ್ನುವುದು ಊರಿಗೆಲ್ಲ ಗೊತ್ತು. ಜೀವಂತ ಹುಳ ನಮ್ಮ ಹೆಣ್ಣುಮಕ್ಕಳ ಗಡ್ಡೆಗೆ ಅಂಟುತ್ತದೆಯೇ ಎಂಬುದಲ್ಲವೇ ನೀನು ಕೇಳಿದ ಪ್ರಶ್ನೆ?

ಎಲ್ಲದರ ಮೇಲೂ ಅನುಮಾನ ಪಟ್ಟೆ, ರಕ್ತದ ಮೇಲೆ ಮಾತ್ರ ಪಡಲಿಲ್ಲ. ಯಾಕೆಂದರೆ ಅದು ನಿಮ್ಮಪ್ಪನ ರಕ್ತ. ಹುಳಗಳಿಗೆ ಊಟ ಅಂದರೆ ಮನುಷ್ಯರ ಕೆಂಪು ರಕ್ತಕಣ, ಅದನ್ನು ಆಗಾಗ ಹೊಸದಾಗಿ ಬಡಿಸುತ್ತಿರಬೇಕು. ನಿನ್ನ ಆಪರೇಷನ್ ಆದ ಮೇಲೆ ಅವರೇ ಕೆ.ಆರ್. ಪುರದಿಂದ ಬಂದು, "ಓ ಪಾಸಿಟಿವ್ ಬೇಕಂತಲ್ಲ, ತಗೋ. ರಾಗಿ ಮುದ್ದೆ ತಿಂದು ಬೆಳ್ದಿರೋ ರಕ್ತ. ನನ್ ಮಗಳ ಹುಳ ಕೊಬ್ಬಿ ಕುಣೀಬೇಕು" ಎಂದು ತೋಳು ಚಾಚಿ ಕೂತವರು. ಎಂ.ಎಸ್ಸಿ. ಓದುವಾಗ ಮೊದಲ ಸಲ ನಿಮ್ಮ ಮನೆಗೆ ಬಂದಾಗ ಅಜ್ಜಿ ನನಗೊಬ್ಬಳಿಗೇ ಪೇಪರ್ ಲೋಟದಲ್ಲಿ ಕಾಫಿ ಕೊಟ್ಟಿದ್ದರು, ನೀನು ಅದನ್ನು ಕಿತ್ತುಕೊಂಡು ನಿನ್ನ ಸ್ಟೀಲ್ ಲೋಟ ನನ್ನ ಕೈಗಿಟ್ಟಿದ್ದೆ. ನಾನು ಅದನ್ನು ಮರೆತಿಲ್ಲ. ಈಗ ಆ ಮನೆಯ ಯಜಮಾನರು ರಕ್ತ ಕೊಟ್ಟು ನೇರ ಮರ್ಫಿ ಟೌನಿಗೆ ಬಂದು, ನಮ್ಮಮ್ಮ ಪಿಳ್ಳಮ್ಮನ ಕೈಯಲ್ಲಿ ಮುದ್ದೆ ಬಸ್ಸಾರು ಮಾಡಿಸಿಕೊಂಡು ತಿಂದು, ಉಪ್ಪು ಕಮ್ಮಿ ಎಂದು ಹೇಳಿ ಹೋಗುತ್ತಾರೆ.

ಗುಟ್ಟು ರಟ್ಟಾಗಿದ್ದೂ ಆ ಮುದ್ದೆಯಿಂದಲೇ. ಅವರ ಬೆರಳುಗಳು ನಿನಗೆ ಗೊತ್ತಲ್ಲ, ಗಂಟು ಕಟ್ಟಿ ಮಡಚಲು ಬಾರದು. ಅಮ್ಮ ಮುದ್ದೆ ಮುರಿದು ಚಮಚ ಹಾಕಿ ಕೊಡುತ್ತಿದ್ದಳು. ಹೊಸ ವರ್ಷದ ವಾರದಲ್ಲಿ ಬಂದವರು ಚಮಚ ಪಕ್ಕಕ್ಕಿಟ್ಟು, ಐದು ಬೆರಳಲ್ಲಿ ಮುದ್ದೆ ಮುರಿದು, ಉಂಡೆ ಮಾಡಿ, ಸಾರಿಗದ್ದಿ ಗುಳಕ್ಕನೆ ನುಂಗಿದರು. ಅಮ್ಮನಿಗೆ ಬಲು ಸಂತೋಷ.

"ಏನ್ ಯಜಮಾನ್ರೇ, ಕೈ ವಾಸಿಯಾದಂಗಿದೆ?"

"ಹೂಂ ಕಣಮ್ಮ, ಡಾಕ್ಟ್ರು ಒಂದು ಮಾತ್ರೆ ಕೊಟ್ಟವ್ರೆ, ಭಾರೀ..." ಅಂದವರು ನನ್ನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿದರು.

"ಯಾವ ಮಾತ್ರೆ? ತೋರ್ಸಿ."

"ಊಟ ಮಾಡಮ್ಮ ಮೊದ್ಲು."

"ತೋರ್ಸೀ ಅಂದೆ!"

ಜೇಬಿನಿಂದ ಸ್ಟ್ರಿಪ್ ಹೊರಗೆ ಬಂತು. ಹೈಡ್ರಾಕ್ಸಿಕ್ಲೋರೋಕ್ವಿನ್! ನಗಬೇಕೋ ಅಳಬೇಕೋ ತಿಳಿಯಲಿಲ್ಲ ಹಂಸ. ಕೀಲುನೋವಿಗೂ ಕೊಡುತ್ತಾರೆ ನಿಜ, ಆದರೆ ಅದು ಹುಟ್ಟಿದ್ದೇ ಮಲೇರಿಯಾದ ಹುಳ ಕೊಲ್ಲುವ ಮದ್ದಿನ ಮನೆಯಲ್ಲಿ. ರಕ್ತದಲ್ಲಿ ವಾರಗಟ್ಟಲೆ ಉಳಿಯುತ್ತದೆ. ನಿನ್ನ ತಳಿಯಂತೂ ಆ ಔಷಧಿಯ ಮುಖವನ್ನೇ ಕಂಡಿಲ್ಲ. ಹಬ್ಬದೂಟ ಎಂದು ನಾನು ಬಡಿಸಿದ್ದರಲ್ಲೇ ಮದ್ದು ಬೆರೆತಿತ್ತು. ರಕ್ತ ತೆಗೆಯುವ ನರ್ಸ್ ಪ್ರತಿ ಸಲವೂ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತೀರಾ ಎಂದು ಕೇಳುತ್ತಾಳೆ, ಇವರು ಪ್ರತಿ ಸಲವೂ ಇಲ್ಲ ಅಂದಿದ್ದಾರೆ. ನಾನು ಕೂಗಾಡಿದೆ. ತಟ್ಟೆಯ ಮುಂದೆ ತಲೆ ತಗ್ಗಿಸಿ ಕೂತು ಅವರು ಹೇಳಿದ್ದು ಇಷ್ಟು: "ಮಾತ್ರೆ ನುಂಗೋರ ರಕ್ತ ಬ್ಯಾಡ ಅಂದ್ಬುಟ್ರೆ? ನಮ್ ಹಂಸನ ಹುಳ ಉಪವಾಸ ಬೀಳ್ತಾವಲ್ಲಮ್ಮಾ."

ಆಮೇಲೆ ಎದ್ದು ಹೋಗಿ ಸ್ಟ್ರಿಪ್ಪನ್ನು ಕಸದ ಬುಟ್ಟಿಗೆ ಎಸೆದರು. "ಇವತ್ತಿಂದ ಬಿಟ್ಟೆ. ಬೆರಳು ಸೊಟ್ಟ ಆದ್ರೆ ಆಗ್ಲಿ. ಮೈಯಾಗಿರೋ ಮದ್ದೆಲ್ಲ ಇಳೀಲಿ, ಮತ್ತೆ ನನ್ ರಕ್ತಾನೇ ತಗೋಬೇಕು ನೀನು." ಬೇಡ ಎಂದರೂ ಕೇಳಲಿಲ್ಲ. ಹಟದಲ್ಲಿ ನೀನು ಯಾರ ಮಗಳು ಎಂದು ಯಾರೂ ಕೇಳಬೇಕಿಲ್ಲ.

ಸಂಕ್ರಾಂತಿಗೆ ಎಳ್ಳುಬೆಲ್ಲದ ಜೊತೆ ನಿಮ್ಮ ದೊಡ್ಡಪ್ಪನ ಮಗ ಕೆಂಪರಾಜನನ್ನೂ ರಕ್ತ ಕೊಡಿಸಲು ಎಳೆದುಕೊಂಡು ಬಂದರು. ಜಿಮ್‌ಗೆ ಹೋಗಿ ಕಂಬದ ಹಾಗೆ ಬೆಳೆದಿದ್ದಾನಲ್ಲ, ಸೂಜಿ ನೋಡಿದ ಕೂಡಲೇ ಕಣ್ಣು ಮೇಲೆ ಮಾಡಿ ಮಲಗಿಬಿಟ್ಟ. ಎದ್ದ ಮೇಲೆ ಹೆದರಿಕೆಯಲ್ಲಿ ತಾನು ತಿಂದ ವಿಟಮಿನ್ನು, ಪ್ರೋಟೀನ್ ಪುಡಿ, ಹೋದ ವರ್ಷದ ಕೆಮ್ಮಿನ ಸಿರಪ್ಪು, ಎಲ್ಲವನ್ನೂ ನರ್ಸಿಗೆ ಒಪ್ಪಿಸಿದ. ನಾನು ಆತುರಪಡಲಿಲ್ಲ. ಮೊದಲು ಲ್ಯಾಬಿನ ಮಾಮೂಲಿ ತಳಿಯನ್ನು ಎರಡು ಪಾಲು ಮಾಡಿ, ಒಂದಕ್ಕೆ ಫ್ರಿಜ್ಜಿನಲ್ಲಿ ಉಳಿದಿದ್ದ ನಿಮ್ಮಪ್ಪನ ರಕ್ತ, ಇನ್ನೊಂದಕ್ಕೆ ಕೆಂಪರಾಜನ ರಕ್ತ ಹಾಕಿದೆ. ಅಪ್ಪನ ಪಾಲಿನವು ಸತ್ತವು. ಕೆಂಪರಾಜನ ಪಾಲಿನವು ಒಂದಕ್ಕೆ ನಾಲ್ಕಾದವು.

ಕೊನೆಯ ವಯಲ್ ತೆಗೆಯುತ್ತೇನೆ ಎಂದಾಗ ವಕಾರ್ ಸರ್ ಬಾಗಿಲಿಗೆ ಅಡ್ಡ ನಿಂತರು.

"ಹೋದ್ರೆ?"

"ಹೋದ್ರೆ ಹೋಗ್ಲಿ ಸರ್. ಡಬ್ಬದಲ್ಲಿಟ್ಟು ಪೂಜೆ ಮಾಡ್ಲಿ ಅಂತ ಹಂಸ ಅದನ್ನ ಸಾಕಿಲ್ಲ."

ಅವರು ಕನ್ನಡಕ ತೆಗೆದು ಒರೆಸಿಕೊಂಡರು. "ಠೀಕ್ ಹೈ. ಲೇಕಿನ್ ನಾನೂ ಜೊತೇಲಿ ನಿಂತ್ಕೋತೀನಿ." ನಿಂತರು. ಕರಗಿಸಿದೆ. ಎರಡು ದಿನ ಏನೂ ಕಾಣಲಿಲ್ಲ. ಆಮೇಲೆ ಒಂದು ಬೆಳಿಗ್ಗೆ ಸೂಕ್ಷ್ಮದರ್ಶಕದಲ್ಲಿ ಒಂದು ರಕ್ತಕಣದೊಳಗೆ ಪುಟ್ಟ ಉಂಗುರ ಕಂಡಿತು, ಹುಳದ ಎಳೆಯ ರೂಪ. ಅದರ ಪಕ್ಕದಲ್ಲಿ ಇನ್ನೊಂದು. ನಾನು ಲ್ಯಾಬಿನಲ್ಲೇ ಕಿರುಚಿದೆ, ಪಕ್ಕದ ಕೋಣೆಯವರು ಬೆಂಕಿ ಬಿತ್ತೆಂದು ಓಡಿ ಬಂದರು.

ನಿನ್ನ ಹಾಗೆಯೇ ಮತ್ತೆ ಕೇರಿದೆ. ಕಳೆದ ಶುಕ್ರವಾರ ಬಲಿತ ಹುಳಗಳನ್ನು ನಿನ್ನ ಜೀವಕೋಶಗಳ ಮೇಲೆ ಸುರಿದೆ. ಹೌದು, ನಿನ್ನವೇ. "ನನ್ ಹೊಟ್ಟೇಲಿ ಬೆಳ್ದಿದ್ದನ್ನ ಕಸಕ್ಕೆ ಹಾಕ್ಬೇಡ, ಕೆಲಸಕ್ಕೆ ಹಾಕು" ಎಂದು ಆಪರೇಷನ್ನಿನ ಹಿಂದಿನ ದಿನ ಸಹಿ ಮಾಡಿಕೊಟ್ಟಿದ್ದೆಯಲ್ಲ, ಆ ಗಡ್ಡೆಯ ಜೀವಕೋಶಗಳು. ಪಕ್ಕದ ತಟ್ಟೆಯಲ್ಲಿ ಆರೋಗ್ಯವಂತ ಜೀವಕೋಶಗಳಿದ್ದವು. ತೊಳೆದೆ. ಮತ್ತೆ ತೊಳೆದೆ. ಆರೋಗ್ಯವಂತ ತಟ್ಟೆ ಖಾಲಿ. ನಿನ್ನ ತಟ್ಟೆಯಲ್ಲಿ ಹುಳಗಳು ಕಚ್ಚಿಕೊಂಡು ಕೂತಿವೆ. ಶನಿವಾರ ಮತ್ತೆ ಮಾಡಿದೆ, ನಿನ್ನೆ ವಕಾರ್ ಸರ್ ತಮ್ಮ ಕೈಯಾರೆ ಮಾಡಿದರು. ಅದೇ ಫಲ. ಅಂಟಿತು ಹಂಸ.

ಇನ್ನು ಈ ಹಿಡಿತಕ್ಕೆ ಔಷಧಿ ಕಟ್ಟಬೇಕು, ಬೇರೆ ಬೇರೆ ಹೆಂಗಸರ ಗಡ್ಡೆಗಳ ಮೇಲೆ ನೋಡಬೇಕು, ಆಮೇಲೆ ಇಲಿಗಳು, ಆಮೇಲೆ ಎಷ್ಟೋ. ನನ್ನ ಕೂದಲು ನೆರೆಯುವಷ್ಟು ಕೆಲಸ ಇದೆ. ನಾನು ಬಿಡುವವಳಲ್ಲ. ಅನುದಾನ ನಿಂತರೆ ಇನ್ನೊಂದು ಬಾಗಿಲು ತಟ್ಟುತ್ತೇನೆ, ಹುಳ ಸತ್ತರೆ ಮೊದಲಿನಿಂದ ಕೇರುತ್ತೇನೆ.

ದೀಪಾವಳಿಯಲ್ಲಿ ನೀನು ಷರತ್ತು ಹಾಕಿದ್ದೆ, "ಅಂಟ್ತು ಅನ್ನೋ ಸುದ್ದಿ ತಂದ್ರೆ ಮಾತ್ರ ಮನೆಗೆ ಬಾ, ಅಲ್ಲೀವರ್ಗೂ ನಿನ್ ಮುಖ ತೋರಿಸ್ಬೇಡ" ಎಂದು. ಅಂಟಿದೆ. ಭಾನುವಾರ ಬರುತ್ತೇನೆ. ಅಜ್ಜಿಗೆ ನಮಸ್ಕಾರ ತಿಳಿಸು, ಡಬ್ಬಿಯನ್ನು ಖಾಲಿ ತರುವುದಿಲ್ಲ, ಅಮ್ಮ ಚಕ್ಕುಲಿ ಸುಡುತ್ತಿದ್ದಾಳೆ. ನೀನು ಚೆನ್ನಾಗಿ ಉಣ್ಣು, ಬಿಸಿಲಿಗೆ ಸ್ವಲ್ಪ ಕೂರು. ಬುದ್ಧ ಭಗವಂತ ನಿನ್ನನ್ನು ತಣ್ಣಗಿಟ್ಟಿರಲಿ.

ನಿನ್ನ
ಸಂಘಮಿತ್ರಾ

ಮರೆತ ಬರಹ: ಇದನ್ನು ಮರೆತು ಕೊನೆಗೆ ಬರೆಯುತ್ತಿಲ್ಲ. ಮೇಲೆ ಬರೆಯಲು ಕೈ ಬರಲಿಲ್ಲ. ನಿಮ್ಮಪ್ಪನ ಕೈಗೆ ಕೊಟ್ಟರೆ ದಾರಿಯಲ್ಲೇ ಒಡೆದು ಓದುತ್ತಾರೆಂದು ಅಂಚೆಗೆ ಹಾಕುತ್ತಿದ್ದೇನೆ.

ಶನಿವಾರ ಅವರು ಲ್ಯಾಬಿಗೆ ಬಂದಿದ್ದರು. ಸೂಕ್ಷ್ಮದರ್ಶಕದಲ್ಲಿ ನೋಡಿ, "ನನ್ ಮಗಳು ಸಾಕಿದ್ದು!" ಎಂದು ಸಿಕ್ಕವರಿಗೆಲ್ಲ ಹೇಳಿದರು. ಹಲಸೂರು ಮೆಟ್ರೋವರೆಗೆ ಜೊತೆಗೆ ಹೋದೆ. ಗೇಟಿನ ಹತ್ತಿರ ಜೇಬಿನಿಂದ ಕಾರ್ಡ್ ತೆಗೆಯಲು ಅವರಿಂದ ಆಗಲಿಲ್ಲ, ಬೆರಳು ಮತ್ತೆ ಸೊಟ್ಟಗಾಗಿವೆ. ನಾನೇ ತೆಗೆದುಕೊಟ್ಟೆ. ಇಷ್ಟು ವರ್ಷ ಮಾತ್ರೆ ಬೇಡ ಬೇಡ ಅಂದವರು ಈ ಸಲ ಯಾಕೆ ಶುರು ಮಾಡಿದಿರಿ ಎಂದು ಕೇಳಿದೆ.

"ದೀಪಾವಳಿ ಸ್ಕ್ಯಾನಿಂಗ್ ರಿಪೋರ್ಟು ಬಂತಲ್ಲಮ್ಮ. ಇನ್ ಮೇಲೆ ಅವ್ಳಿಗೆ ತಾನಾಗಿ ಏಳೋಕಾಗ್ದಿರೋ ದಿನ ಬತ್ತದೆ ಅಂದ್ರು ಡಾಕ್ಟ್ರು. ಅವ್ರಮ್ಮ ಇಲ್ಲ, ಅಜ್ಜಿ ಕೈಲಾಗಲ್ಲ. ಮಗೀನ ಎತ್ತಿ ಕೂರ್ಸೋಕೆ ನನ್ ಕೈ ಬೇಕಲ್ಲಮ್ಮಾ." ಆಮೇಲೆ ನನ್ನ ಮುಖ ನೋಡಿ, "ನಿಂಗ್ ಹೇಳಿರ್ತಾಳೆ ಅಂದ್ಕೊಂಡೆ" ಅಂದರು.

ನೀನು ಹೇಳಲಿಲ್ಲ ಹಂಸ. ಕಾಯಿಲೆ ಮತ್ತೆ ಬಂದಿದ್ದನ್ನು ನನ್ನಿಂದ ಮುಚ್ಚಿಡಲು ಆ ಷರತ್ತು ಹಾಕಿದೆ. ನನಗೆ ಸಿಟ್ಟು ಬಂದಿದೆ, ಮೂರು ದಿನದಿಂದ ಅಳುತ್ತಲೂ ಇದ್ದೇನೆ. ನಮ್ಮ ಔಷಧಿ ನಿನ್ನವರೆಗೆ ಬರುವಷ್ಟು ಬೇಗ ಆಗುವುದಿಲ್ಲ. ಇದು ನಿನಗೂ ಗೊತ್ತು, ನನಗೂ ಗೊತ್ತು, ಇನ್ನು ಕಣ್ಣಾಮುಚ್ಚಾಲೆ ಬೇಡ. ಕೆಲಸ ನಿಲ್ಲುವುದಿಲ್ಲ. ಭಾನುವಾರ ನಾನು ಬರುವುದೂ ತಪ್ಪುವುದಿಲ್ಲ.

ಅಲ್ಲಿಯವರೆಗೆ ಒಂದು ಕೆಲಸ ಮಾಡು. ಈ ಕಾಗದ ತಲುಪಿದ ದಿನವೇ ಅವರಿಗೆ ಹೊಸ ಸ್ಟ್ರಿಪ್ ತರಿಸಿ, ಎದುರಿಗೆ ಕೂರಿಸಿಕೊಂಡು ಮಾತ್ರೆ ನುಂಗಿಸು. ಹುಳಗಳಿಗೆ ಕೆಂಪರಾಜನ ರಕ್ತ ಸಾಕು. ನಿಮ್ಮಪ್ಪನ ಕೈ ನಿನಗಿರಲಿ.