ಮತದಾನದ ಮುನ್ನಾದಿನ ಚಾಪೆ ಸುತ್ತಿಕೊಳ್ಳುವ ಅಂಗಾರ

ಮಾನ್ಯರೇ,

ಪ್ರತಿ ಚುನಾವಣೆಗೂ ಶಾಂತಿಭಂಗ ಮಾಡಬಹುದಾದವರ ಪಟ್ಟಿಗೆ ರುಜು ಹಾಕುವ ಅಧಿಕಾರಿ ನೀವು. ಆ ಪಟ್ಟಿಯಿಂದ ಕುಕ್ಕುಂದೂರಿನ ಅಂಗಾರನ ಹೆಸರು ತೆಗೆಯಿರಿ ಎಂದು ನಾನು ಬರೆಯುತ್ತಿರುವ ಐದನೆಯ ಪತ್ರ ಇದು. ಮೊದಲಿನ ನಾಲ್ಕಕ್ಕೆ ಉತ್ತರ ಬರಲಿಲ್ಲ. ಹಾಗಾಗಿ ಇದನ್ನು ಪತ್ರಿಕೆಗೇ ಕೊಟ್ಟಿದ್ದೇನೆ. ಪತ್ರಿಕೆಯನ್ನಾದರೂ ನೀವು ಓದುತ್ತೀರಂತೆ.

ಅಂಗಾರ ಬಾವಿ ತೋಡುವವನು, ವಯಸ್ಸು ಐವತ್ತೆಂಟು. ಎಪ್ಪತ್ತೇಳರ ಚುನಾವಣೆಯಂದು ಬೆಳಿಗ್ಗೆ ಆರಕ್ಕೇ ಬಂದು ಸಾಲಿನ ಮೊದಲಿಗೆ ನಿಂತಿದ್ದ. ಕಾರಿನಲ್ಲಿ ಬಂದ ದೊಡ್ಡವರೊಬ್ಬರು ನೇರ ಒಳಗೆ ಹೊರಟಾಗ, "ಸಾಲು ಉಂಟಲ್ಲ ಧನಿಗಳೇ, ನಾನು ಆರು ಗಂಟೆಯಿಂದ ನಿಂತಿದ್ದೇನೆ" ಎಂದ. ಅಷ್ಟೇ ಅವನ ಅಪರಾಧ. ದೊಡ್ಡವರು ಓಟು ಹಾಕಿದರು, ಅಂಗಾರ ಠಾಣೆಗೆ ಹೋದ. ಅಂದು ಪುಸ್ತಕಕ್ಕೆ ಹತ್ತಿದ ಹೆಸರು ಇನ್ನೂ ಇಳಿದಿಲ್ಲ. ಎಪ್ಪತ್ತೆಂಟು, ಎಂಬತ್ತು, ಎಂಬತ್ತಮೂರು, ಈಗ ಕಳೆದ ಡಿಸೆಂಬರ್: ಪ್ರತಿ ಸಲವೂ ಮತದಾನದ ಮುನ್ನಾದಿನ ಒಳಗೆ, ಪೆಟ್ಟಿಗೆಗೆ ಮೊಹರು ಬಿದ್ದ ಮೇಲೆ ಹೊರಗೆ.

ಮೊದಲು ಜೀಪು ಬರುತ್ತಿತ್ತು. ಈಗ ಊರಿನ ಹೋಟೆಲಿನಲ್ಲಿ ಹೇಳಿಟ್ಟರೆ ಸಾಕು, ಚಾಪೆ ಸುತ್ತಿಕೊಂಡು ತಾನೇ ಹೋಗುತ್ತಾನೆ. "ಮಾಸ್ಟ್ರುಗಳಿಗೆ ಬೂತಿನಲ್ಲಿ ಡ್ಯೂಟಿ, ನನಗೆ ಠಾಣೆಯಲ್ಲಿ. ನಾನು ಹೋಗದಿದ್ದರೆ ಆ ಪೊಲೀಸಿನವರಿಗೆ ತೊಂದರೆ ಅಲ್ವಾ?" ಎನ್ನುತ್ತಾನೆ. ಇಷ್ಟು ವಿಧೇಯನಾದ ಶಾಂತಿಭಂಜಕನನ್ನು ಬೇರೆ ಯಾವ ಜಿಲ್ಲೆಯಲ್ಲಿ ಕಂಡಿದ್ದೀರಿ? ಠಾಣೆಯ ಪೇದೆಯನ್ನೂ ಕೇಳಿದೆ. ಒಳ್ಳೆಯ ಮನುಷ್ಯ, ಚಹಾ ತರಿಸಿದ. "ಎಂತ ಮಾಡುವುದು ಸರ್, ಪುಸ್ತಕದಲ್ಲಿ ಹೆಸರು ಉಂಟು. ಮೊದಲಿನವರು ಬರೆದದ್ದನ್ನು ನಾವು ಹೊಡೆದುಹಾಕಲಿಕ್ಕೆ ಆಗುತ್ತದಾ?" ಎಂದ.

ನಾನು ಕಾನೂನು ಪಾಠ ಹೇಳುವವನು. ಈ ವಿಷಯದ ಮೇಲೆ ಇಪ್ಪತ್ತೆರಡು ಪುಟಗಳ ಪ್ರಬಂಧ ಬರೆದೆ. ಸರ್ಕಾರದ ಆಜ್ಞೆಯಿಂದ ಮುಂಜಾಗ್ರತೆಗಾಗಿ ಜೈಲಿನಲ್ಲಿಟ್ಟ ರಾಜಕಾರಣಿ ಅಂಚೆಯಲ್ಲಿ ಮತ ಕಳಿಸಬಹುದು. ಅದೇ ಮುಂಜಾಗ್ರತೆಗಾಗಿ ಠಾಣೆಯಲ್ಲಿ ಕೂರಿಸಿದ ಬಾವಿ ತೋಡುವವನಿಗೆ ಆ ಸೌಕರ್ಯವಿಲ್ಲ. ಬಂಧಿತನಿಗೆ ಕಾರಣ ತಿಳಿಸಬೇಕು ಎನ್ನುತ್ತದೆ ಸಂವಿಧಾನದ ಇಪ್ಪತ್ತೆರಡನೆಯ ವಿಧಿ. ಅಂಗಾರನಿಗೆ ತಿಳಿಸಿದ ಕಾರಣ, ಹಿಂದಿನ ಸಲವೂ ಅವನನ್ನು ಹಿಡಿದಿದ್ದರು ಎಂಬುದು! ವಿದ್ವಾಂಸರು ಮೆಚ್ಚಿ ಮಣಿಪಾಲದಲ್ಲಿ ನನಗೆ ಶಾಲು ಹೊದಿಸಿದರು. ಮರುತಿಂಗಳೇ ಅಂಗಾರ ಮತ್ತೆ ಒಳಗೆ. ನನಗೆ ನಾಚಿಕೆಯಾಯಿತು. ಕೋಪ ಮಾಡಿಕೊಳ್ಳುವಷ್ಟು ಶಕ್ತಿ ಈಗ ಉಳಿದಿಲ್ಲ.

ಅವನ ಮಗಳು ಚಂಪಾಳಿಗೆ ಇಪ್ಪತ್ತೊಂದು ತುಂಬಿದೆ. ಬರುವ ವಾರದ ವಿಧಾನಸಭಾ ಚುನಾವಣೆಯಲ್ಲಿ ಅವಳ ಮೊದಲ ಓಟು. ಮೊನ್ನೆ ಮನೆಗೆ ಬಂದಿದ್ದಳು. "ಸರ್, ಅಪ್ಪನೊಟ್ಟಿಗೆ ಬೂತಿಗೆ ಹೋಗಬೇಕೂಂತ ಆಸೆ ಉಂಟು. ಅಪ್ಪ ಆಗಲೇ ಚಾಪೆ ಬಿಸಿಲಿಗೆ ಹಾಕಿದ್ದಾರೆ. ನನ್ನ ಎದುರು ಯಾರಾದರೂ ಸಾಲು ತಪ್ಪಿಸಿ ಹೋದರೆ ನಾನು ಬಾಯಿ ಮುಚ್ಚಿ ನಿಲ್ಲಬೇಕಾ?" ಎಂದು ಕೇಳಿದಳು. ಪರೀಕ್ಷೆಯಲ್ಲಿ ಇಂಥ ಪ್ರಶ್ನೆಗೆ ಹತ್ತು ಅಂಕದ ಉತ್ತರ ಬರೆಸಿದವನು ನಾನು. ಅವಳು ಹೋದ ಮೇಲೆ ಈ ಪತ್ರ ಬರೆಯಲು ಕುಳಿತೆ.

ನಾನು ಕೇಳುವುದು ಇಷ್ಟೇ. ಶನಿವಾರದೊಳಗೆ ಅಂಗಾರನ ಹೆಸರು ಹೊಡೆದು, ಹೊಡೆದೆ ಎಂದು ಅವನಿಗೆ ಬರೆದುಕೊಡಿ. ಇಲ್ಲವೇ ಅವನ ಅಪರಾಧ ಏನೆಂದು ರುಜು ಹಾಕಿ ಕೊಡಿ. ಎರಡೂ ಆಗದಿದ್ದರೆ ಮತದಾನದ ದಿನ ಚಂಪಾ ಠಾಣೆಗೆ ಅಪ್ಪನ ಬುತ್ತಿ ತರುವಾಗ ನಾನೂ ಬಂದು ಅಂಗಾರನ ಪಕ್ಕ ಕೂರುತ್ತೇನೆ. ನನ್ನ ಹೆಸರನ್ನೂ ಬರೆದುಕೊಳ್ಳಿ. ಕಾರಣ ಹುಡುಕುವ ಕಷ್ಟ ನಿಮಗೆ ಬೇಡ, ಈ ಪತ್ರವೇ ಸಾಕು.

ಇಂತಿ,
ಹತ್ತೊಂಬತ್ತು ವರ್ಷ ಮೂಲಭೂತ ಹಕ್ಕುಗಳ ಪಾಠ ಮಾಡಿ ಒಬ್ಬನಿಂದ ಓಟು ಹಾಕಿಸಲಾಗದ
ರಾಮದಾಸ, ಆದಿ ಉಡುಪಿ
ಫೆಬ್ರವರಿ ೧೯೮೫